ಬಂಗಾರಿಯ ಪಾಲು

ಆಷಾಢದ ಗಾಳಿ ಶುರುವಾಯಿತೆಂದರೆ ನಮ್ಮ ಕಡೆಯ ಲಗ್ನವಾದ ಹೆಣ್ಣುಮಕ್ಕಳು ಇದ್ದಲ್ಲಿ ಇರುವುದಿಲ್ಲ. ಮೈ ಗಂಡನ ಮನೆಯಲ್ಲಿ ಕಸ ಗುಡಿಸುತ್ತಿರುತ್ತದೆ, ಮನಸ್ಸು ತವರಿನ ಬೇವಿನ ಗಿಡದ ಜೋಕಾಲಿಯಲ್ಲಿ ಕೂತು ಜೀಕುತ್ತಿರುತ್ತದೆ. ಇದು ಎಲ್ಲರಿಗೂ ಗೊತ್ತಿದ್ದ ವಿಷಯ, ಆದರೆ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ನನಗೆ ಆ ರೋಗ ಸ್ವಲ್ಪ ಜಾಸ್ತಿ. ನಾನು ಆಗ ಕೊಟ್ಟೂರಿನ ಒಂದು ಹೈಸ್ಕೂಲಿನಲ್ಲಿ ಹೊಲಿಗೆ ಟೀಚರು. ನಾಗರ ಪಂಚಮಿ ಹತ್ತಿರ ಬಂದಂತೆಲ್ಲ ನನ್ನ ಪಾಠ ಎಲ್ಲಿಂದ ಎಲ್ಲಿಗೋ ಹೋಗುತ್ತಿತ್ತು. ಒಮ್ಮೆ ಹುಡುಗಿಯರೆಲ್ಲ ನನ್ನ ಮುಂದೆ ಸಾಲಾಗಿ ನಿಂತು, "ಟೀಚರ್, ಕಾಜಾನೂ ಬಲಗಡೆ ಹಾಕ್ಸೀರಿ, ಗುಂಡೀನೂ ಬಲಗಡೆ ಹಚ್ಚಿಸೀರಿ, ಈ ಅಂಗಿ ಹೆಂಗ ತೊಡೋದ್ರಿ?" ಎಂದು ಕೇಳಿದ್ದರು. ಕಿಟಕಿಯ ಹೊರಗೆ ಮೋಡ ಓಡುತ್ತಿತ್ತು. ಅಂಗಿಗೆ ಗುಂಡಿ ಯಾಕೆ ಬೇಕು, ಗಾಳಿ ಆಡಲಿ ಬಿಡು ಅಂತ ನನಗೆ ಅನ್ನಿಸಿತು. ಹಾಗೆ ಹೇಳಲಿಲ್ಲ, ಬಿಚ್ಚಿಸಿ ಮತ್ತೆ ಹಾಕಿಸಿದೆ.

ಆ ವರ್ಷವಂತೂ ಪಂಚಮಿ ಸೋಮವಾರ ಬಂದಿತ್ತು. ಶನಿವಾರ ಅರ್ಧ ದಿನ ಶಾಲೆ, ಭಾನುವಾರ ರೊಟ್ಟಿ ಹಬ್ಬ, ಸೋಮವಾರ ನಾಗಪ್ಪನಿಗೆ ಹಾಲು ಹಾಕುವುದು. ನೌಕರಿ ಮಾಡುವವರಿಗೆ ಹೀಗೆ ಕೂಡಿ ಬಂದ ರಜೆ ಅಂದರೆ ದೇವರು ಅಳತೆ ತೆಗೆದುಕೊಂಡು ಹೊಲಿದ ರವಿಕೆ ಇದ್ದ ಹಾಗೆ, ಎಲ್ಲೂ ಬಿಗಿಯಿಲ್ಲ, ಎಲ್ಲೂ ಸಡಿಲಿಲ್ಲ. ಶನಿವಾರ ಮಧ್ಯಾಹ್ನ ಹಿರೇಹಡಗಲಿಯಿಂದ ನಮ್ಮಣ್ಣ ವೀರಣ್ಣ ಕರೆಯಲು ಬರುವುದೆಂದು ಗೊತ್ತಾಗಿತ್ತು. ನಾನು ಗುರುವಾರವೇ ಚೀಲ ತುಂಬಿಟ್ಟು, ಸಂಜೆಯೆಲ್ಲ ಹೊಲಿಗೆ ಮಷೀನಿನ ಮುಂದೆ ಸುಮ್ಮನೆ ಕೂತು, ಕಾಲಲ್ಲಿ ಪೆಡಲು ತುಳಿಯುತ್ತಿದ್ದೆ. ಸೂಜಿಗೆ ದಾರ ಇರಲಿಲ್ಲ, ಕೆಳಗೆ ಬಟ್ಟೆಯೂ ಇರಲಿಲ್ಲ. ಜೋಕಾಲಿ ಜೀಕುವ ಅಭ್ಯಾಸ ತಪ್ಪಬಾರದಲ್ಲ, ಅದಕ್ಕೆ.

ಆಗಲೇ ಬಂಗಾರಿ ಹಾಲು ಕುಡಿಯುವುದನ್ನು ಬಿಟ್ಟದ್ದು.

ಬಂಗಾರಿ ನಮ್ಮ ಬೆಕ್ಕು. ನಮ್ಮ ಅಂದರೆ ನನ್ನ. ಲಗ್ನವಾಗಿ ನಾನು ಗಂಡನ ಮನೆಗೆ ಹೊರಟ ದಿನ ಅವ್ವ ಬುತ್ತಿ ಬುಟ್ಟಿಯ ಜೊತೆಗೆ ಇನ್ನೊಂದು ಮುಚ್ಚಳದ ಬುಟ್ಟಿ ಕೊಟ್ಟಿದ್ದಳು. ಕೊಟ್ಟೂರಿನ ಮನೆಯಲ್ಲಿ ಇಲಿ ಕಾಟ ಅಂತ ಬೀಗರು ಮಾತಿಗೆ ಅಂದದ್ದನ್ನು ಅವ್ವ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು. ಬುಟ್ಟಿಯಲ್ಲಿ ಅರಿಷಿಣ ಬಣ್ಣದ, ಇನ್ನೂ ಕಣ್ಣು ಸರಿಯಾಗಿ ತಿಳಿಯಾಗದ ಒಂದು ಮರಿ ಇತ್ತು. ಬೇರೆಯವರು ಬಳುವಳಿಯಾಗಿ ಆಕಳು ತಂದರು, ಹಿತ್ತಾಳೆ ಕೊಡ ತಂದರು. ನಾನು ಬೆಕ್ಕು ತಂದೆ. ಮೊದಲ ವರ್ಷ ಆ ಮನೆಯಲ್ಲಿ ನನಗೆ ಉಪ್ಪಿನ ಡಬ್ಬಿ ಎಲ್ಲಿದೆ ಅಂತ ಕೇಳಲಿಕ್ಕೂ ನಾಚಿಕೆ. ಎಲ್ಲರೂ ಒಳ್ಳೆಯವರೇ, ಆದರೆ ನನ್ನ ಕಡೆಯ ಜನ ಅಂತ ಇದ್ದದ್ದು ಅದೊಂದೇ ಪ್ರಾಣಿ. ಅಡುಗೆಮನೆಯಲ್ಲಿ ಕಣ್ಣೀರು ಬಂದಾಗ ಅದು ಕಾಲಿಗೆ ಮೈ ಸವರಿಕೊಂಡು ತಿರುಗುತ್ತಿತ್ತು. ಈರುಳ್ಳಿ ಹೆಚ್ಚಿದ್ದಕ್ಕೆ ಬಂದ ನೀರು ಅಂತ ಬೇರೆಯವರಿಗೆ ಹೇಳಬಹುದು, ಬೆಕ್ಕಿಗೆ ಹೇಳಲಾಗುವುದಿಲ್ಲ.

ನಮ್ಮ ಅತ್ತೆ ಮಾತ್ರ ಅದರ ವಿಷಯದಲ್ಲಿ ಒಂದು ಕಾನೂನು ಮಾಡಿಕೊಂಡಿದ್ದರು. ಬಂಗಾರಿ ಇಲಿ ಹಿಡಿದರೆ ಅದು "ನಮ್ಮನಿ ಬೆಕ್ಕು." ಮೊಸರಿನ ಗಡಿಗೆಗೆ ಬಾಯಿ ಹಾಕಿದರೆ ಅದು "ನಿಮ್ಮ ತವರಿನಾಕಿ." ಪಕ್ಕದ ಮನೆಯವರು, "ಎಷ್ಟು ಚಂದ ಐತ್ರಿ ಬೆಕ್ಕು" ಅಂದರೆ ಅತ್ತೆ ಸೆರಗು ಸರಿಮಾಡಿಕೊಂಡು, "ಸಾಕೋದ್ರಾಗ ಐತವ್ವ ಎಲ್ಲಾ" ಅನ್ನುವರು. ಅದೇ ಬೆಕ್ಕು ಮಡಿ ಸೀರೆಯ ಮೇಲೆ ಮಲಗಿದರೆ, "ನೋಡು ಸರೋಜಾ, ನಿಮ್ಮಾಕಿ ಹೆಂಗ ಮಲಗ್ಯಾಳ, ನಿಮ್ಮವ್ವ ಕಲಿಸಿ ಕಳಿಸ್ಯಾಳ." ಹೀಗೆ ಬಂಗಾರಿ ದಿನಕ್ಕೆ ಹಲವು ಸಲ ತವರಿನಿಂದ ಗಂಡನ ಮನೆಗೆ, ಗಂಡನ ಮನೆಯಿಂದ ತವರಿಗೆ ಓಡಾಡಿಕೊಂಡಿತ್ತು. ನಾನು ವರ್ಷಕ್ಕೊಮ್ಮೆ.

ಶುಕ್ರವಾರ ಅಡುಗೆಮನೆ ತುಂಬ ಹುರಿದ ಶೇಂಗಾ ವಾಸನೆ, ಬೆಲ್ಲದ ಪಾಕದ ವಾಸನೆ. ಅತ್ತೆ ಉಂಡಿ ಕಟ್ಟುತ್ತಿದ್ದರು. ಅಂಥ ಹೊತ್ತಿನಲ್ಲಿ ಬಂಗಾರಿ ತುಪ್ಪದ ಡಬ್ಬಿಯ ಪಕ್ಕ ಕಾವಲು ಕೂರಬೇಕಾದದ್ದು, ಮಷೀನಿನ ಕೆಳಗೆ ಚಿಂದಿ ಬಟ್ಟೆಯ ಮೇಲೆ ಮುದ್ದೆಯಾಗಿ ಬಿದ್ದಿತ್ತು. ಹಾಲು ಇಟ್ಟೆ, ಮೂಸಲಿಲ್ಲ. ಬೆರಳಿಗೆ ತುಪ್ಪ ಹಚ್ಚಿ ಮೂಗಿಗೆ ಹಿಡಿದೆ, ಮುಖ ತಿರುಗಿಸಿತು. ಕಿವಿ ಬಿಸಿ, ಕೂದಲು ಮುಳ್ಳಿನ ಹಾಗೆ ಎದ್ದು ನಿಂತಿದ್ದವು.

ನಮ್ಮ ಯಜಮಾನರು ಕರೆಂಟಿನ ಕಚೇರಿಯವರು, ಆದರೆ ಮನೆಯಲ್ಲಿ ವೈದ್ಯರು. ಅವರಿಗೆ ಗೊತ್ತಿರುವುದು ಒಂದೇ ರೋಗ. ತಲೆನೋವು ಬಂದರೂ ಗ್ಯಾಸ್, ಮೊಣಕಾಲು ನೋವಾದರೂ ಗ್ಯಾಸ್, ಪಕ್ಕದ ಮನೆಯವರಿಗೆ ಸಂಬಂಧ ಕೂಡಿ ಬರದಿದ್ದರೂ ಒಳಗೆಲ್ಲೋ ಗ್ಯಾಸೇ ಇರಬೇಕೆಂದು ಅವರ ನಂಬಿಕೆ. ಬಂಗಾರಿಯನ್ನು ಬಗ್ಗಿ ನೋಡಿ, "ಗ್ಯಾಸ್ ಆಗೈತಿ, ಬಿಸಿನೀರು ಕುಡಿಸು" ಎಂದು ಪೇಪರ್ ಬಿಚ್ಚಿದರು. ಅತ್ತೆ ಉಂಡಿ ಕಟ್ಟುವ ಕೈ ನಿಲ್ಲಿಸದೆ, "ದೃಷ್ಟಿ ಆಗೈತಿ. ನಿನ್ನೆ ಯಾರೋ ಬಂಗಾರದಂಗ ಅದಾಳ ಅಂದ್ರಲ್ಲ, ಅವರದೇ ಕಣ್ಣು" ಅಂದರು. ಉಪ್ಪು, ಒಣಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದರು. ಮನೆ ತುಂಬ ಘಾಟು ಎದ್ದು ನಾವೆಲ್ಲ ಕೆಮ್ಮಿದೆವು. ಬೆಕ್ಕು ಕೆಮ್ಮಲೂ ಇಲ್ಲ. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.

ಶನಿವಾರ ಶಾಲೆ ಬಿಟ್ಟ ಕೂಡಲೇ ಬಂಗಾರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ದನದ ದವಾಖಾನೆಗೆ ಹೋದೆ. ನಮ್ಮಲ್ಲಿ ಅದು ಹೆಸರಿಗೆ ತಕ್ಕ ಹಾಗೆ ದನದ ದವಾಖಾನೆಯೇ. ಅಂಗಳದಲ್ಲಿ ಎತ್ತುಗಳು, ಕಂಬಕ್ಕೆ ಕಟ್ಟಿದ ಒಂದು ಎಮ್ಮೆ, ನಡುವೆ ನಾನು. ಡಾಕ್ಟರು ಹಬ್ಬಕ್ಕೆ ಅವರ ಊರಿಗೆ ಹೋಗಿದ್ದರು. ಕಂಪೌಂಡರು ನನ್ನ ಸೆರಗನ್ನು ನೋಡಿ, ಕೂಸಿದ್ದರೆ ಮನುಷ್ಯರ ದವಾಖಾನೆಗೆ ಹೋಗಿರೆಂದು ಹೇಳಲು ಬಾಯಿ ತೆರೆದವರು, ಕಿವಿ ಕಂಡು ಸುಮ್ಮನಾದರು.

"ಬೆಕ್ಕೇನ್ರಿ?"

"ಹೌದ್ರಿ. ಏನೂ ತಿನ್ನವಲ್ದು."

"ಅಲ್ರಿ ಟೀಚರ, ಎಮ್ಮಿ ಆದ್ರ ಇಂಥದ್ದು ಇಷ್ಟು ಅಂತ ಕೊಡಬೌದು. ಇದಕ್ಕ ನನ್ನ ಕಡಿ ಇರೋ ಸೂಜಿ ಚುಚ್ಚಿದ್ರ ಈ ಕಡಿಂದ ಹೋಗಿ ಆ ಕಡಿ ಬರ್ತೈತಿ. ಮಂಗಳವಾರ ಡಾಕ್ಟ್ರು ಬರ್ತಾರ. ಅಲ್ಲೀತನಕ ಗ್ಲುಕೋಸ್ ನೀರು ಹಾಕ್ರಿ ಚಮಚದಾಗ."

"ಮಂಗಳವಾರದ ತನಕ ಇರ್ತೈತೇನ್ರಿ?" ಅಂತ ಕೇಳಿದೆ. ಅವರು ಎಮ್ಮೆಯ ಬೆನ್ನು ತಟ್ಟುತ್ತ, "ಹಬ್ಬದಾಗ ಅಂಥಾ ಮಾತು ಯಾಕ್ರಿ" ಅಂದರು. ಇರುತ್ತದೆ ಅಂತ ಅವರು ಹೇಳಲಿಲ್ಲ ಅನ್ನುವುದನ್ನು ದಾರಿ ತುಂಬ ಲೆಕ್ಕ ಹಾಕುತ್ತ ಬಂದೆ.

ಮನೆಗೆ ಬಂದರೆ ಅಣ್ಣ ಬಂದು ಕೂತಿದ್ದ, ಕೈಯಲ್ಲಿ ಚಹದ ಲೋಟ, ಪಕ್ಕದಲ್ಲಿ ಅವ್ವ ಕಳಿಸಿದ ಹಡಗಲಿ ಮಲ್ಲಿಗೆಯ ದಂಡೆ. ವರ್ಷವಿಡೀ ಕಾದಿದ್ದ ಗಳಿಗೆ ಅದು. ನಾನು ಬಾಗಿಲಲ್ಲೇ ನಿಂತು, "ಅಣ್ಣಾ, ನಾ ಬರಂಗಿಲ್ಲ" ಅಂದೆ. ಅತ್ತೆ ಒಳಗಿನಿಂದ, "ನೀ ಹೋಗವ್ವ, ಬೆಕ್ಕಿನ ನಾ ನೋಡ್ಕೊಂತೀನಿ" ಅಂದರು. ನೋಡಿಕೊಳ್ಳುತ್ತಿದ್ದರು, ಅದರಲ್ಲಿ ಅನುಮಾನವಿಲ್ಲ. ಆದರೆ ನಾನಿಲ್ಲದಾಗ ಏನಾದರೂ ಆದರೆ? ನಾನು ಜೋಕಾಲಿ ಮೇಲೆ, ಅದು ಚಿಂದಿಯ ಮೇಲೆ. ಹೋಗದೆ ಇದ್ದರೆ ಅವ್ವ ಬಾಗಿಲಲ್ಲಿ ನಿಂತು ಅಣ್ಣ ಒಬ್ಬನೇ ಬರುವುದನ್ನು ನೋಡಬೇಕು. ನಾನು ಅಟ್ಟದ ಮೇಲಿಂದ ಆ ಹಳೆಯ ಮುಚ್ಚಳದ ಬುಟ್ಟಿ ಇಳಿಸಿದೆ.

ಯಜಮಾನರು ಪೇಪರ್ ಕೆಳಗಿಟ್ಟರು. "ಅಲ್ಲಲೇ, ಹಬ್ಬಕ್ಕ ತವರಿಗೆ ಹೊಂಟಾಕಿ ನೀನೋ, ಬೆಕ್ಕೋ?"

"ಇಬ್ರೂ" ಅಂದೆ. ಅಣ್ಣ ಚಹ ಕುಡಿಯುವುದನ್ನು ಮರೆತು ನನ್ನನ್ನೇ ನೋಡಿದ. ತಂಗಿಯನ್ನು ಕರೆದುಕೊಂಡು ಬರುವುದು ಅಣ್ಣನ ಗೌರವ. ಬೆಕ್ಕನ್ನು ಕರೆದುಕೊಂಡು ಬರುವುದು ಯಾವ ಶಾಸ್ತ್ರದಲ್ಲಿದೆಯೋ ಅವನಿಗೆ ತಿಳಿಯಲಿಲ್ಲ.

ಹಡಗಲಿ ಬಸ್ಸು ಹಬ್ಬದ ಹೆಣ್ಣುಮಕ್ಕಳಿಂದ ಬಿರಿಯುವಂತಿತ್ತು. ಎಲ್ಲರ ತೊಡೆಯ ಮೇಲೂ ಒಂದೊಂದು ಬುಟ್ಟಿ, ಒಂದೊಂದು ಚೀಲ. ಕಂಡಕ್ಟರು ನನ್ನ ಬುಟ್ಟಿಯನ್ನು ಬೆರಳಿನಿಂದ ತಟ್ಟಿ, "ಏನೈತಿ ಅಕ್ಕಾರ ಇದ್ರಾಗ?" ಅಂದರು. "ಉಂಡಿ" ಅಂದೆ. ಉಂಡಿ ಆ ಸಮಯ ನೋಡಿ, ಎರಡು ದಿನದಿಂದ ಉಸಿರೆತ್ತದಿದ್ದದ್ದು, ಸಣ್ಣಗೆ ಮಿಯಾಂವ್ ಅಂದಿತು. ಕಂಡಕ್ಟರು ಒಂದು ಗಳಿಗೆ ನನ್ನ ಮುಖ ನೋಡಿ, "ಎಳ್ಳಿನ ಉಂಡಿ ಇರಬೇಕು" ಎಂದು ಮುಂದೆ ಹೋದರು. ಅಣ್ಣ ಕಿಟಕಿಯ ಹೊರಗೆ ಯಾರೂ ಇಲ್ಲದ ಹೊಲದಲ್ಲಿ ಯಾರನ್ನೋ ಹುಡುಕತೊಡಗಿದ.

ಆಮೇಲೆ ಆ ಪ್ರಯಾಣ ನನಗೆ ನೆನಪಿರುವುದೆಲ್ಲ ಮಂಪರಿನ ಹಾಗೆ. ಮಳೆ ಬರುತ್ತೇನೆ ಅಂತ ಹೇಳಿ ಬರದೆ ನಿಂತ ಆಕಾಶ. ರಸ್ತೆಯ ಎರಡೂ ಕಡೆ ಸೂರ್ಯಕಾಂತಿ, ನಡುನಡುವೆ ಮೊಣಕಾಲೆತ್ತರದ ಹಸಿರು ಜೋಳ, ಗಾಳಿ ಬಂದಾಗೊಮ್ಮೆ ಹೊಲಕ್ಕೆ ಹೊಲವೇ ಒಂದು ಕಡೆ ವಾಲಿ ಮತ್ತೆ ಏಳುತ್ತಿತ್ತು. ಬುಟ್ಟಿಯ ಮುಚ್ಚಳದ ಸಂದಿಯಲ್ಲಿ ಬೆರಳು ತೂರಿಸಿದ್ದೆ. ಬಂಗಾರಿಯ ಬಿಸಿ ಕಿವಿ ಬೆರಳಿಗೆ ತಾಗುತ್ತಿತ್ತು. ಹಾಗೇ ಕಣ್ಣು ಹತ್ತಿತು. ಕನಸಿನಲ್ಲಿ ಬಂಗಾರಿ ನನ್ನ ಇಳಕಲ್ಲ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಕಿಟಕಿಯ ಪಕ್ಕ ಕೂತಿದ್ದಳು. ಅವಳ ತೊಡೆಯ ಮೇಲೆ ಬುಟ್ಟಿ, ಬುಟ್ಟಿಯೊಳಗೆ ನಾನು. ಒಳಗೆ ಬೆಚ್ಚಗಿತ್ತು. ಕಾಜ ಹಾಕುವ ಕೆಲಸವಿಲ್ಲ, ಸೊಸೆಯೆಂಬ ಹೆಸರಿಲ್ಲ, ಯಾರೋ ನನ್ನನ್ನು ಎತ್ತಿಕೊಂಡು ಅವ್ವನ ಮನೆಗೆ ಹೊರಟಿದ್ದಾರೆ. ಹಡಗಲಿ ಬಂತು ಅಂತ ಅಣ್ಣ ಎಬ್ಬಿಸಿದಾಗ ನನಗೆ ಅವನ ಮೇಲೆ ಸಿಟ್ಟು ಬಂತು.

ಇನ್ನೊಂದು ಬಸ್ಸು ಹತ್ತಿ ಹಿರೇಹಡಗಲಿ ಮುಟ್ಟಿದೆವು. ಅವ್ವ ತಂಬಿಗೆಯಲ್ಲಿ ನೀರು ಹಿಡಿದು ಬಾಗಿಲಲ್ಲೇ ಇದ್ದಳು. ಬುಟ್ಟಿಯ ಮುಚ್ಚಳ ತೆಗೆದು ತೋರಿಸಿದೆ. ಅವಳು ತಂಬಿಗೆ ಕೆಳಗಿಟ್ಟು, "ಯವ್ವಾ ನಮ್ಮವ್ವ, ಹೆಂಗಾಗ್ಯಾಳ ನೋಡು" ಎಂದು ಬುಟ್ಟಿಯನ್ನು ಎತ್ತಿಕೊಂಡು ಒಳಗೆ ಹೋಗೇಬಿಟ್ಟಳು. ವರ್ಷದ ಮೇಲೆ ಬಂದ ಮಗಳು ಅಂಗಳದಲ್ಲಿ ನಿಂತು ತಾನೇ ಕಾಲು ತೊಳೆದುಕೊಂಡಳು. ಅಪ್ಪ ಇನ್ನೂ ಹೊಲದಿಂದ ಬಂದಿರಲಿಲ್ಲ, ಅತ್ತಿಗೆ ಅವರ ತವರಿಗೆ ಹೋಗಿದ್ದರು. ಪಂಚಮಿಯ ಲೆಕ್ಕವೇ ಹಾಗೆ, ಒಂದು ಮನೆಯ ಸೊಸೆ ಹೊರಟರೆ ಆ ಮನೆಗೆ ಮಗಳು ಬರುತ್ತಾಳೆ.

ರೊಟ್ಟಿ ಹಬ್ಬದ ದಿನ ನಮ್ಮಲ್ಲಿ ಮನೆಮನೆಗೆ ರೊಟ್ಟಿ ಬೀರುತ್ತಾರೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ತೆಳ್ಳನೆಯ ಜೋಳದ ರೊಟ್ಟಿ, ಮೇಲೆ ಕಾಳು ಪಲ್ಯ, ಚಟ್ನಿಪುಡಿ. ಆ ಸಲ ಪ್ರತಿ ರೊಟ್ಟಿಯ ಜೊತೆಗೂ ಒಂದು ಔಷಧವೂ ಬಂತು. ಒಬ್ಬರು ತುಳಸಿ ರಸ ಅಂದರು, ಇನ್ನೊಬ್ಬರು ಬಾಲಕ್ಕೆ ಸುಣ್ಣ ಹಚ್ಚು ಅಂದರು. ಮತ್ತೊಬ್ಬ ಅಜ್ಜಿ ಬಂಗಾರಿಯನ್ನು ಬಹಳ ಹೊತ್ತು ನೋಡಿ, "ಗಂಡನ ಮನಿ ನೀರು ಒಗ್ಗಿಲ್ಲ" ಎಂದು ತೀರ್ಪು ಕೊಟ್ಟಳು. ಇಷ್ಟು ವರ್ಷದ ಮೇಲೆ ಹೇಗೆ ಒಗ್ಗದೆ ಹೋಯಿತಜ್ಜಿ ಎಂದು ಕೇಳಿದರೆ, "ಕೆಲವರಿಗೆ ತಡಾ ಗೊತ್ತಾಗ್ತೈತಿ ತಂಗಿ" ಎಂದಳು.

ಅಂಗಳದ ಬೇವಿನ ಗಿಡಕ್ಕೆ ಅಣ್ಣ ಹೊಸ ಹಗ್ಗದ ಜೋಕಾಲಿ ಕಟ್ಟಿದ್ದ. ಅದು ಗಾಳಿಗೆ ತಾನೇ ತೂಗುತ್ತಿತ್ತು. ಓಣಿಯ ಹೆಣ್ಣುಮಕ್ಕಳು ಬಂದು ಕರೆದರು, ನಾನು ಏಳಲಿಲ್ಲ. ಮಧ್ಯಾಹ್ನ ಅವ್ವನೇ ಬಂದು, "ಬಾ, ಆಕಿನ್ನ ತಗೊಂಡ ಕುಂದ್ರು. ನೀ ಇಲ್ಲಿ ಮಾರಿ ಸಣ್ಣದು ಮಾಡ್ಕೊಂಡು ಕುಂತ್ರ ಆಕಿಗೆ ಆರಾಮಾಗ್ತೈತೇನು?" ಅಂದಳು. ಬಂಗಾರಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತೆ. ಜೀಕಲಿಲ್ಲ, ಹೆಬ್ಬೆರಳನ್ನು ನೆಲಕ್ಕೆ ತಾಗಿಸಿ ತೂಗಿಕೊಂಡೆ ಅಷ್ಟೆ. ಮುಗಿಲಿಗೆ ಕಾಲು ಚಾಚುವ ಜೋಕಾಲಿಯನ್ನು ವರ್ಷವೆಲ್ಲ ಕನಸು ಕಂಡು, ಬಂದದ್ದು ತೊಟ್ಟಿಲು ತೂಗಲಿಕ್ಕೆ. ಬೇವಿನ ಎಲೆಗಳು ಮೈಮೇಲೆ ಬೀಳುತ್ತಿದ್ದವು. ಎಲ್ಲೋ ಯಾರೋ ಜೋಳದ ಅಳ್ಳು ಹುರಿಯುತ್ತಿದ್ದರು. ಬಂಗಾರಿಯ ಉಸಿರು ಬಹಳ ಸಣ್ಣಗಿತ್ತು, ಇದೆಯೋ ಇಲ್ಲವೋ ಅಂತ ನಾನು ಮತ್ತೆ ಮತ್ತೆ ಕೈ ಇಟ್ಟು ನೋಡುತ್ತಿದ್ದೆ. ನೀನು ಹೋದರೆ ಆ ಮನೆಯಲ್ಲಿ ನನ್ನ ಕಡೆಯವರು ಯಾರು ಅಂತ ಅದಕ್ಕೆ ಹೇಳಿದೆ. ಬೆಕ್ಕಿಗೆ ಹೇಳುವ ಮಾತಲ್ಲ ಅದು, ಆದರೆ ಗಂಡನಿಗೆ ಹೇಳುವ ಮಾತೂ ಅಲ್ಲವಲ್ಲ.

ಸೋಮವಾರ ಬೆಳಿಗ್ಗೆ ಓಣಿಯ ಕಟ್ಟೆಯ ಮೇಲಿನ ನಾಗಪ್ಪನಿಗೆ ಹಾಲು ಹಾಕಲು ಹೋದೆವು. ನಮ್ಮಲ್ಲಿ ಹಾಲು ಸುಮ್ಮನೆ ಸುರಿಯುವುದಿಲ್ಲ. ಒಣಕೊಬ್ಬರಿ ಬಟ್ಟಲಲ್ಲಿ ಬೆಲ್ಲ ಇಟ್ಟು, ಹಾಲಿನಲ್ಲಿ ಅದ್ದಿ, ಒಬ್ಬೊಬ್ಬರ ಹೆಸರು ಹೇಳಿ ಅವರವರ ಪಾಲು ಅಂತ ಹಾಕಬೇಕು. ಮನೆಯಲ್ಲಿ ಯಾರನ್ನೂ ಬಿಡುವಂತಿಲ್ಲ. ಅವ್ವ ಶುರು ಮಾಡಿದಳು: ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ವೀರಣ್ಣನ ಪಾಲು, ಸೊಸಿ ಪಾಲು, ಸರೋಜನ ಪಾಲು. ಆಮೇಲೆ ದನಿ ತಗ್ಗಿಸದೆ, "ಬಂಗಾರಿ ಪಾಲು" ಅಂದಳು.

ಹಿಂದೆ ನಿಂತ ಹೆಂಗಸರು ಕಿಸಕ್ಕನೆ ನಕ್ಕರು. "ಬೆಕ್ಕಿಗೂ ಪಾಲೇನಬೇ?"

"ಯಾಕಿರಬಾರದು? ಹಬ್ಬಕ್ಕ ಗಂಡನ ಮನಿಯಿಂದ ಬಂದಾಳ. ಈ ಮನಿ ಹೆಣ್ಣುಮಗಳಲ್ಲೇನು?" ಎಂದು ಅವ್ವ ಬಟ್ಟಲು ನನ್ನ ಕೈಗೆ ಕೊಟ್ಟಳು.

ನಾನು ಟೀಚರು. ಕಲ್ಲಿಗೆ ಹಾಲು ಹಾಕಿ ದಂಡ ಮಾಡಬಾರದು, ಮಕ್ಕಳಿಗೆ ಕೊಡಬೇಕು ಅಂತ ಹಿಂದಿನ ವಾರವೇ ಪ್ರಾರ್ಥನೆಯ ಹೊತ್ತಿಗೆ ಭಾಷಣ ಮಾಡಿದ್ದೆ, ಹುಡುಗಿಯರು ಚಪ್ಪಾಳೆಯನ್ನೂ ತಟ್ಟಿದ್ದರು. ಈಗ ಕಣ್ಣು ಮುಚ್ಚಿ, ಬಂಗಾರಿ ಪಾಲು, ಬಂಗಾರಿ ಪಾಲು ಅಂತ ಬಟ್ಟಲ ತುಂಬ ತುಂಬಿ ತುಂಬಿ ಹಾಕಿದೆ. ಚೊಂಬಿನ ಹಾಲು ಮುಗಿಯಿತು. ಅವ್ವ ಪಕ್ಕಕ್ಕೆ ಬಂದು ಕಿವಿಯಲ್ಲಿ, "ಗಂಡನ ಪಾಲು, ಅತ್ತಿ ಪಾಲು?" ಅಂದಳು. ನಾನು ಚೊಂಬು ಬೋರಲು ಹಾಕಿ ನೋಡಿದೆ. ತಳದಲ್ಲಿ ಉಳಿದದ್ದನ್ನು ಒಂದೊಂದು ಹನಿ ಮಾಡಿ ಇಬ್ಬರಿಗೂ ಹಂಚಿದೆ. ಕಂಡವರು ಯಾರೂ ಕೊಟ್ಟೂರಿನವರಲ್ಲ ಅನ್ನುವುದೇ ಸಮಾಧಾನ.

ಮನೆಗೆ ಬಂದರೆ ಬುಟ್ಟಿ ಖಾಲಿ. ಬಂಗಾರಿ ಇಲ್ಲ.

ಬೆಕ್ಕು ಸಾಯುವ ಮುಂಚೆ ಕಣ್ಣಿಗೆ ಬೀಳದ ಜಾಗ ಹುಡುಕಿಕೊಂಡು ಹೋಗುತ್ತದೆಂದು ಎಲ್ಲರೂ ಕೇಳಿದವರೇ. ಯಾರೂ ಅದನ್ನು ಬಾಯಲ್ಲಿ ಆಡಲಿಲ್ಲ. ಅವ್ವ ಕಾಳಿನ ಚೀಲಗಳ ಹಿಂದೆ ನೋಡಿದಳು, ಅಣ್ಣ ಬಣವೆಯ ಸುತ್ತ ತಿರುಗಿದ, ನಾನು ಹಿತ್ತಲಲ್ಲಿ ಕೂಗುತ್ತ ಕೂಗುತ್ತ ಕಡೆಗೆ ಕೂಗಲಾರದೆ ಅಳುತ್ತ ಓಣಿಗೆ ಬಂದೆ. ಕಟ್ಟೆಯ ಹತ್ತಿರ ಹೆಂಗಸರು ಗುಂಪಾಗಿ ನಿಂತಿದ್ದರು. ಗುಂಪು ಸರಿಸಿ ನೋಡಿದೆ.

ನಾಗಪ್ಪನ ಕಲ್ಲಿನ ಬುಡದ ಕುಣಿಯಲ್ಲಿ ಓಣಿಯ ಹಾಲೆಲ್ಲ ನಿಂತಿತ್ತು. ಬಂಗಾರಿ ಮುಂಗಾಲು ಊರಿ, ಮೂಗಿಗೆ ಕುಂಕುಮ ಹತ್ತಿಸಿಕೊಂಡು, ಲೊಚಲೊಚನೆ ಕುಡಿಯುತ್ತಿದ್ದಳು. ತನ್ನ ಪಾಲು ಯಾವಾಗಲೋ ಮುಗಿದಿರಬೇಕು. ಅಪ್ಪನ ಪಾಲು, ಅಣ್ಣನ ಪಾಲು ದಾಟಿ ಊರವರ ಪಾಲಿಗೆ ಬಂದಿದ್ದಳು. ನಾನು ಹಾಕಿದ ಆ ಎರಡು ಹನಿಯೂ ಅದರಲ್ಲೇ ಹೋಗಿರುತ್ತವೆ.

"ನಾಗಪ್ಪನ ಹಾಲು ಎಂಜಲು ಮಾಡಾಕತ್ತೈತಲ್ಲಬೇ" ಎಂದು ಒಬ್ಬಾಕೆ ಬಡಿಯಲು ಕೈ ಎತ್ತಿದಳು. ಅಷ್ಟರಲ್ಲಿ ಅವ್ವ ಬಂದು ಅಡ್ಡ ನಿಂತಳು. "ಕುಡೀಲಿ ಬಿಡು ತಂಗಿ. ಇಷ್ಟು ವರ್ಷ ಹಾಕೀವಿ, ಆತ ಕುಡದಿದ್ದು ಯಾರು ನೋಡ್ಯಾರ? ಇಕಿ ಕುಡಿಯೋದನ್ನಾರ ನೋಡೋಣ." ನಾನು ಕಟ್ಟೆಯ ಮೇಲೆ ಕೂತು ಅತ್ತೆ. ಈರುಳ್ಳಿ ಅಂತ ಹೇಳಲು ಅಲ್ಲಿ ಈರುಳ್ಳಿ ಇರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಆಮೇಲೆ ಜೋಕಾಲಿ ಹತ್ತಿ ಕತ್ತಲಾಗುವ ತನಕ ಇಳಿಯಲಿಲ್ಲ.

ಮಂಗಳವಾರ ಮುಂಜಾನೆಯೇ ನಾನು ವಾಪಸು ಹೊರಡಬೇಕು, ಮಧ್ಯಾಹ್ನ ಶಾಲೆಗೆ ಮುಟ್ಟಬೇಕು. ಬುಟ್ಟಿ ತಂದದ್ದೇ ತಡ, ಬಂಗಾರಿ ನನ್ನ ಮುಂಗೈ ಪರಚಿ, ಕಂಬ ಹತ್ತಿ, ಅಟ್ಟದ ಜಂತೆಯ ಮೇಲೆ ಹೋಗಿ ಕೂತಳು. ಕರೆದೆ, ಬೇಡಿದೆ, ತುಪ್ಪ ತೋರಿಸಿದೆ. ಆಕೆ ನನ್ನನ್ನು ಮೇಲಿಂದ ನೋಡುತ್ತ ಕಾಲು ನೆಕ್ಕಿಕೊಂಡಳು. ಅಣ್ಣ ಬಸ್ಸು ಬರುತ್ತದೆ ಅಂತ ಅವಸರ ಮಾಡಿದ. ಅವ್ವ, "ಇರಲಿ ಬಿಡವ್ವ, ಇನ್ನೂ ಸೊರಗ್ಯಾಳ. ನಾಕ ದಿನ ಇದ್ದು ಬರ್ಲಿ" ಅಂದಳು. ನನಗೆ ಆ ಮಾತನ್ನು ಅವ್ವ ಯಾವತ್ತೂ ಅಂದಿರಲಿಲ್ಲ. ಅಂದರೂ ನಡೆಯುವ ಮಾತಲ್ಲ ಅಂತ ಅವಳಿಗೂ ಗೊತ್ತು. ಖಾಲಿ ಬುಟ್ಟಿಯಲ್ಲಿ ರೊಟ್ಟಿ, ಉಂಡಿ ತುಂಬಿ ಕೊಟ್ಟಳು.

ಕೊಟ್ಟೂರಿನ ಮನೆಯ ಬಾಗಿಲಲ್ಲಿ ಅತ್ತೆ ನನ್ನ ಮುಖ ನೋಡಲಿಲ್ಲ, ಬುಟ್ಟಿ ನೋಡಿದರು. ಮುಚ್ಚಳ ತೆಗೆದರು. ರೊಟ್ಟಿ ಕಂಡದ್ದೇ ಅವರ ಕೈ ಅಲ್ಲೇ ನಿಂತಿತು. "ಹೋತೇನು?" ಅಂದರು.

"ಇಲ್ಲತ್ತಿ, ಆರಾಮದಾಳ. ತವರಾಗ ಉಳದಾಳ."

ಅತ್ತೆ ಹೊಸ್ತಿಲ ಮೇಲೆ ಕುಸಿದು ಕೂತು ಸೆರಗಿನಿಂದ ಮೂಗು ಒರೆಸಿಕೊಂಡರು. "ಇಲ್ಲೂ ನಾಗಪ್ಪಗ ಆಕಿ ಪಾಲು ಹಾಕೀನಿ. ನಿನ್ನ ಪಾಲಿಗಿಂತ ಮೊದಲು ಹಾಕೀನಿ" ಅಂದರು. ನನಗೆ ನನ್ನ ಚೊಂಬಿನ ತಳ ನೆನಪಾಯಿತು. ಆಮೇಲೆ ಅವರು ಎದ್ದು, "ಶಾಣ್ಯಾಕಿ. ಜಡ್ಡು ಬಂತಂತ ಹೇಳಿ ಹಬ್ಬಕ್ಕ ಹೋಗಿ ಅಲ್ಲೇ ಉಳಕೊಂಡಾಳ. ನಿಮ್ಮ ತವರಿನಾಕಿ ಅಲ್ಲೇನು" ಎಂದು ರೊಟ್ಟಿ ಬುಟ್ಟಿ ಒಳಗೆ ತೆಗೆದುಕೊಂಡು ಹೋದರು.

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಹೊರಗೆ ಇನ್ನೂ ಶ್ರಾವಣದ ಗಾಳಿ, ಮೋಡ. ಮುಂದಿನ ಭಾನುವಾರ ನಾನು ಊಟಕ್ಕೆ ಏಳಲಿಲ್ಲ. ಮಷೀನಿನ ಪಕ್ಕ ಚಾಪೆ ಹಾಕಿಕೊಂಡು, ಮೈ ಮುದ್ದೆ ಮಾಡಿ, ಗೋಡೆಗೆ ಮುಖ ತಿರುಗಿಸಿ ಮಲಗಿದೆ. ಅತ್ತೆ ಹಾಲು ತಂದಿಟ್ಟರು, ಮೂಸಲಿಲ್ಲ. ನಾಕು ದಿನ ತವರಿಗೆ ಕಳಿಸಿ ಅಂತ ಯಾರಾದರೂ ಅಂದಾರೆಂದು ಕಣ್ಣು ಮುಚ್ಚಿಕೊಂಡೇ ಕಾದೆ. ಯಜಮಾನರು ಬಂದು ಬಗ್ಗಿ ನನ್ನ ಹಣೆ ಮುಟ್ಟಿದರು. "ಗ್ಯಾಸ್ ಆಗೈತಿ, ಬಿಸಿನೀರು ಕುಡಿ" ಎಂದು ಪೇಪರ್ ಬಿಚ್ಚಿದರು. ನಾನು ಕಣ್ಣು ತೆರೆದೆ. ಅಟ್ಟದ ಮೇಲೆ ಆ ಬುಟ್ಟಿ ಖಾಲಿ ಕೂತಿತ್ತು. ಹೊಲಿಗೆ ಟೀಚರಲ್ಲವೇ, ಕಣ್ಣಳತೆಯಲ್ಲೇ ತಿಳಿಯಿತು, ಅದರಲ್ಲಿ ನಾನು ಹಿಡಿಸುವುದಿಲ್ಲ. ಎದ್ದು ಹಾಲು ಕುಡಿದೆ.